ಎತ್ತುವ ಮೊದಲು ಒಂದು ಮಾತು

ನಮ್ಮೂರಿನವರಿಗೆ ಒಂದು ಹೆಮ್ಮೆ ಉಂಟು. ಕಂಗಿನಿಂದ ಯಾರಾದರೂ ಬಿದ್ದರೆ ಸಾಕು, ತೋಟದಿಂದ ತೋಟಕ್ಕೆ ಕೂಗು ಹೋಗಿ ಜನ ಸೇರುತ್ತಾರೆ, ಬಿದ್ದವನನ್ನು ಎತ್ತಿ ರಿಕ್ಷಾಕ್ಕೆ ಹಾಕುತ್ತಾರೆ. ಈ ಅವಸರವೇ ತಪ್ಪು ಎನ್ನುತ್ತೇನೆ. ಬೈಯುವವರು ಬೈಯಲಿ. ತಪ್ಪು ಮಾಡಿದವರಲ್ಲಿ ನಾನೂ ಒಬ್ಬ.

ಕೆಲವು ವರ್ಷಗಳ ಹಿಂದೆ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವಾಗ ನೆರೆಮನೆಯ ಹುಡುಗನೊಬ್ಬ ಜಾರಿ ಬಿದ್ದ. ನಾವು ಓಡಿ ಹೋದಾಗ ಅವನಿಗೆ ಪ್ರಜ್ಞೆ ಇತ್ತು. "ಮಾಷ್ಟ್ರೇ, ಬೆನ್ನು ತಡೆಯಲಿಕ್ಕಾಗುವುದಿಲ್ಲ" ಎಂದ. ಕಾಲು ಆಡಿಸುತ್ತಿದ್ದ. "ಎಂತ ನೋಡುತ್ತಾ ನಿಂತದ್ದು? ಎತ್ತಿ ಮಾರಾಯ್ರೇ!" ಎಂದು ಯಾರೋ ಕೂಗಿದರು. ಇಬ್ಬರು ತೋಳಿಗೆ ಕೈ ಹಾಕಿದರು, ನಾನು ಕಾಲು ಹಿಡಿದೆ. ಅವನ ನಡು ಜೋತು ಬಿದ್ದಿತ್ತು. ಹಾಗೆಯೇ ಗುಡ್ಡ ಹತ್ತಿಸಿ ರಿಕ್ಷಾದಲ್ಲಿ ಮಡಚಿ ಕೂರಿಸಿದೆವು.

ಡಾಕ್ಟರು ಕೇಳಿದ್ದು ಒಂದೇ: "ಬಿದ್ದ ಜಾಗದಲ್ಲಿ ಕಾಲು ಆಡುತ್ತಿತ್ತೋ?" ಹೌದು ಎಂದೆ. ಅವರು ಸುಮ್ಮನಾದರು. ಹುಡುಗ ಇವತ್ತಿಗೂ ಎದ್ದು ನಡೆದಿಲ್ಲ. ಬಿದ್ದ ಪೆಟ್ಟಿನಿಂದಲೋ, ನಮ್ಮ ಕೈಯಿಂದಲೋ, ಯಾರೂ ಹೇಳಲಾರರು. ಆ ಸಂಶಯ ಮಾತ್ರ ನನ್ನನ್ನು ಬಿಟ್ಟಿಲ್ಲ.

ಬೆನ್ನೆಲುಬಿನ ಒಳಗೆ ಮಿದುಳಿನಿಂದ ಇಳಿದ ನರಗಳ ಹುರಿ ಉಂಟು. ಎಲುಬು ಮುರಿದರೂ ಹುರಿ ಉಳಿದಿರಬಹುದು. ಆಗ ಮೈ ಬಗ್ಗಿಸಿದರೆ, ತಿರುಚಿದರೆ ಮುರಿದ ಎಲುಬು ಅದನ್ನು ಜಜ್ಜಬಹುದು. ಕಡಿದುಹೋದ ಆ ಹುರಿಯನ್ನು ಮತ್ತೆ ಹೊಸೆಯಲು ಯಾವ ಡಾಕ್ಟರಿಗೂ ಬರುವುದಿಲ್ಲ.

"ಹಾಗಾದರೆ ನೋಡುತ್ತಾ ಕೂರಬೇಕಾ?" ಎಂದು ಕೇಳುತ್ತೀರಿ. ಅಲ್ಲ. ಒಬ್ಬರು 108ಕ್ಕೆ ಫೋನ್ ಮಾಡಬೇಕು. ಒಬ್ಬರು ತಲೆಯ ಬಳಿ ಕೂತು, ಎರಡೂ ಕೈಯಿಂದ ತಲೆಯನ್ನು ಅಲುಗದಂತೆ ಹಿಡಿಯಬೇಕು. ರಕ್ತ ಸುರಿಯುತ್ತಿದ್ದರೆ ಬಟ್ಟೆಯಿಟ್ಟು ಒತ್ತಬೇಕು. ಬಾಯಿಗೆ ನೀರು ಹಾಕಬಾರದು. ವಾಂತಿ ಬಂದರೆ ಮೂರ್ನಾಲ್ಕು ಜನ ಸೇರಿ ತಲೆ, ಬೆನ್ನು, ಕಾಲು ಒಂದೇ ಮರದ ತುಂಡೆಂಬಂತೆ ಒಟ್ಟಿಗೆ ಮಗ್ಗುಲಿಗೆ ಹೊರಳಿಸಬೇಕು. ಉಸಿರೇ ನಿಂತಿದ್ದರೆ ಲೆಕ್ಕ ಬೇರೆ: ಅಂಗಾತ ಮಲಗಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಗಟ್ಟಿಯಾಗಿ ಒತ್ತಬೇಕು.

"ಆಂಬುಲೆನ್ಸ್ ತೋಟಕ್ಕೆ ಇಳಿಯುತ್ತದಾ?" ಇಳಿಯುವುದಿಲ್ಲ. ಆದರೆ ಅದರಲ್ಲಿ ಬರುವ ತರಬೇತಾದವರು ಇಳಿಯುತ್ತಾರೆ. ಕುತ್ತಿಗೆಗೆ ಪಟ್ಟಿ ಕಟ್ಟಿ, ಹಲಗೆಗೆ ಬಿಗಿದು ಹೊರಲು ಕಲಿತವರು ಅವರು. ಆಗ ನಮ್ಮ ಹೆಗಲು ಬೇಕು, ಅವರ ಮಾತಿನ ಪ್ರಕಾರ. ರಿಕ್ಷಾ ಬರೀ ಗಾಡಿ. ಆಂಬುಲೆನ್ಸಿನಲ್ಲಿ ಚಿಕಿತ್ಸೆ ತೋಟದಲ್ಲೇ ಸುರುವಾಗುತ್ತದೆ.

ಇನ್ನೊಂದು ಅಳುಕು ನಮ್ಮ ಮನೆಗಳಲ್ಲಿ ಉಂಟು. ಗಾಬರಿಯಲ್ಲಿ ಮಲೆಯಾಳ ಬಾಯಿಗೆ ಬರುವುದಿಲ್ಲವೆಂದು ಅಜ್ಜಿಯಂದಿರು ಫೋನೇ ಮುಟ್ಟುವುದಿಲ್ಲ. 1969ರ ಕೇರಳದ ಆಡಳಿತ ಭಾಷಾ ಕಾಯಿದೆ ಸರಕಾರಕ್ಕೆ ಕನ್ನಡದಲ್ಲಿ ಬರೆಯುವ ಹಕ್ಕನ್ನು ನಮಗೆ ಕೊಟ್ಟಿದೆ. ಬರೆದ ಅರ್ಜಿಗೆ ಇರುವ ಕನ್ನಡ, ಪ್ರಾಣಕ್ಕಾಗಿ ಕೂಗುವಾಗಲೂ ಇರಬೇಕೆಂದು ನಾವು ಕೇಳಲೇಬೇಕು. ಅಷ್ಟರವರೆಗೆ, ಮನೆಗೆ ಬರುವ ದಾರಿಯನ್ನು ಶಾಲೆಯ ಮಕ್ಕಳಿಂದ ಮಲೆಯಾಳದಲ್ಲಿ ಕನ್ನಡ ಅಕ್ಷರದಲ್ಲೇ ಬರೆಸಿ ಗೋಡೆಗೆ ಅಂಟಿಸಿ.

ನಮ್ಮ ವಾಚನಾಲಯದಲ್ಲಿ ಭಾಷಣಕ್ಕೆ ಕುರ್ಚಿಗಳಿವೆ. ಉದ್ದದ ಒಂದು ಹಲಗೆ, ನಾಲ್ಕು ಪಟ್ಟಿ, ಕಲಿಸುವವರನ್ನು ಕರೆಸಿ ಒಂದು ಭಾನುವಾರ: ಇಷ್ಟಕ್ಕೆ ಎಷ್ಟು ಖರ್ಚು? ಮದ್ದು ಬಿಡುವ ಕಾಲಕ್ಕೆ ಮೊದಲು ಇದು ಆಗಬೇಕು. ಮುಂದಿನ ಸಲ ತೋಟದಿಂದ ಕೂಗು ಕೇಳಿದಾಗ ಓಡಿ ಬನ್ನಿ, ಖಂಡಿತ ಬನ್ನಿ. ಆದರೆ ಎತ್ತಬೇಡಿ.