ನಿಂತ ಗಿರಣಿಯಲ್ಲಿ ನಮ್ಮ ಹಾಡಿಗೂ ಎಡೆಯಿರಲಿ



ಸೊಲ್ಲಾಪುರದ ಮೊದಲ ಬಟ್ಟೆಯ ಗಿರಣಿಯು 1877ರಲ್ಲಿ ಆರಂಭವಾಯಿತು. ಜನರು ಅದನ್ನು ‘ಜುನೀ ಗಿರಣಿ’ಯೆಂದೇ ಕರೆದರು. ಅದರ ಬೆನ್ನಿಗೆ ನರಸಿಂಗಗಿರಜಿ, ಲಕ್ಷ್ಮೀ, ವಿಷ್ಣು ಗಿರಣಿಗಳು ಎದ್ದವು. ಮಳೆ ಕೈಕೊಟ್ಟ ವರ್ಷಗಳಲ್ಲಿ ನಮ್ಮ ಹಳ್ಳಿಗಳ ಒಕ್ಕಲುಮಕ್ಕಳು ಊರು ಬಿಟ್ಟು ಅಲ್ಲಿ ಪಾಳಿಯ ಮೇಲೆ ದುಡಿದರು. ಮಗ್ಗುಲಲ್ಲಿ ತೆಲುಗು ಪದ್ಮಶಾಲಿಗಳೂ ಮರಾಠಿ ಕೂಲಿಕಾರರೂ ಇದ್ದರು. ಇಂದು ಆ ಗಿರಣಿಗಳ ಭೋಂಗಾ ಕೂಗುವುದಿಲ್ಲ. ಉಳಿದಿರುವ ಕಟ್ಟಡ, ಬಯಲುಗಳಲ್ಲಿ ಒಂದನ್ನಾದರೂ ಮೂರು ಭಾಷೆಗಳ ಕಲಾಮಂದಿರವನ್ನಾಗಿ ಮಾಡಬೇಕೆಂದು ನಾವು ಕೇಳತಕ್ಕದ್ದು.

ಹಳೆಯ ಗಿರಣಿಯಲ್ಲಿ ಎಂಥ ಕಲೆಯೆಂದು ನಗುವವರು ಇಂಗ್ಲೆಂಡಿನ ಸಾಲ್ಟೇರ್ ಎಂಬ ಊರನ್ನು ನೋಡಲಿ. ಅಲ್ಲಿ ಟೈಟಸ್ ಸಾಲ್ಟನು 1853ರಲ್ಲಿ ತೆರೆದ ಉಣ್ಣೆಯ ಗಿರಣಿಯು 1986ರಲ್ಲಿ ನಿಂತುಹೋಯಿತು. ಮರುವರ್ಷವೇ ಜೊನಾಥನ್ ಸಿಲ್ವರ್ ಎಂಬ ವ್ಯಾಪಾರಿಯು ಅದನ್ನು ಕೊಂಡು, ಆ ಸೀಮೆಯವನೇ ಆದ ಡೇವಿಡ್ ಹಾಕ್ನಿಯ ಚಿತ್ರಗಳಿಗಾಗಿ ಚಿತ್ರಶಾಲೆಯನ್ನು ತೆರೆದನು. ಗಿರಣಿಯ ರಚನೆಯೇ ಇಂಥ ಕಾರ್ಯಕ್ಕೆ ಒದಗುವಂತಹುದು: ಅಡ್ಡಗೋಡೆಗಳಿಲ್ಲದ ವಿಶಾಲ ನೆಲ, ಎತ್ತರದ ಸೂರು, ಗರಗಸದ ಹಲ್ಲಿನಂತಹ ಮಾಡಿನಿಂದ ಇಳಿಯುವ ತಂಪು ಬೆಳಕು.

ನಮ್ಮ ಕೊರತೆಯಾದರೂ ಏನು? ಅಕ್ಕಲಕೋಟೆ ತಾಲೂಕಿನ ಹಳ್ಳಿಗಳಲ್ಲಿ ದೊಡ್ಡಾಟದ ಹಾಡು, ಹಂತಿಯ ಪದ, ಬೀಸುವ ಪದಗಳನ್ನು ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಕಣ್ಣು ಮುಚ್ಚುತ್ತಿದ್ದಾರೆ. ರಾಶಿಯ ಯಂತ್ರ ಬಂದು ಹಂತಿ ಹೋಯಿತು, ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿತು. ಹಾಡಿಗೆ ಹೊತ್ತೇ ಇಲ್ಲವಾಯಿತು. ಕನ್ನಡ ಶಾಲೆಯ ಹುಡುಗನಿಗೆ ಕನ್ನಡವು ಪರೀಕ್ಷೆಯ ವಿಷಯವಾಗಿ ಉಳಿದಿದೆಯೇ ಹೊರತು ತಾಳ ಹಿಡಿದು ಕಲಿಯುವ ಸಂಗತಿಯಾಗಿ ಉಳಿದಿಲ್ಲ. ಶಾಲೆಯೊಂದರಿಂದಲೇ ಇದು ಸರಿಹೋಗದೆಂದು ಮಾಸ್ತರನಾದ ನಾನೇ ಹೇಳುತ್ತೇನೆ. ವಾರಕ್ಕೊಮ್ಮೆ ಹಿರಿಯರು ಕಲಿಸುವ, ಅವರ ಕಂಠವನ್ನು ಧ್ವನಿಮುದ್ರಿಸಿ ಇಡುವ ಸ್ಥಳವೊಂದು ಬೇಕು.

ಗಿರಣಿಯು ಮಾಲೀಕರ ಸೊತ್ತು, ನಮಗೇಕೆ ಆ ಮಾತು ಎನ್ನುವವರುಂಟು. ಜುನೀ ಗಿರಣಿಯು 1949ರಲ್ಲಿ ಬಾಗಿಲು ಹಾಕಿದಾಗ ಭಾರತ ಸರಕಾರವು ಹಾಗೆನ್ನಲಿಲ್ಲ. ಬಟ್ಟೆ ಕಡಿಮೆಯಾಗುವುದು, ಕೂಲಿಕಾರರು ಬೀದಿಗೆ ಬೀಳುವರು ಎಂಬ ಕಾರಣದಿಂದ 1950ರ ಜನವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿ ಅದರ ಆಡಳಿತವನ್ನು ಕೈಗೆ ತೆಗೆದುಕೊಂಡಿತು. ಒಬ್ಬ ಪಾಲುದಾರನ ಅರ್ಜಿಯನ್ನು ಸುಪ್ರೀಂ ಕೋರ್ಟು ಆ ವರ್ಷವೇ ತಳ್ಳಿಹಾಕಿತು. ಆದರೆ ಪರಿಹಾರ ಕೊಡದೆ ಸೊತ್ತನ್ನು ವಶಪಡಿಸಿಕೊಳ್ಳುವುದು ಸಲ್ಲದೆಂದು 1953ರ ಡಿಸೆಂಬರದಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ ಅದೇ ಕೋರ್ಟು ತೀರ್ಪಿತ್ತಿತು. ಬೆಲೆ ಕೊಟ್ಟೇ ಪಡೆಯಬೇಕು, ನ್ಯಾಯವಾದ ಮಾತು. ಗಿರಣಿಯ ಅಳಿವು ಉಳಿವು ಊರಿನ ಪ್ರಶ್ನೆಯಲ್ಲವೆಂದು ಮಾತ್ರ ಯಾರೂ ಹೇಳಲಾರರು.

ನಮ್ಮವರೇ ಕೆಲವರು, ಮರಾಠಿಗರೊಡನೆ ಒಂದೇ ಸೂರಿನಡಿ ಏಕೆ, ನಮ್ಮದೇ ಬೇರೆ ಕಟ್ಟಿಸೋಣ ಎನ್ನುವರು. ಇದು ಹುರುಪಿನ ಮಾತು, ಹಣದ ಲೆಕ್ಕವಿಲ್ಲದ ಮಾತು. ಒಂದೇ ಮಗ್ಗದ ಸಾಲಿನಲ್ಲಿ ದುಡಿದವರ ಮೊಮ್ಮಕ್ಕಳು ಒಂದೇ ರಂಗದ ಮೇಲೆ ಸರದಿಯಂತೆ ಆಡಿದರೆ ಕನ್ನಡಕ್ಕೆ ಯಾವ ಕುಂದೂ ಬಾರದು. ಸಿದ್ಧರಾಮೇಶ್ವರರು ವಚನ ನುಡಿದ ಊರಿನಲ್ಲಿ ಕನ್ನಡ ಹಾಡಿಗೆ ಎಡೆ ಕೇಳುವುದು ಭಿಕ್ಷೆಯೂ ಅಲ್ಲ.

ಆದುದರಿಂದ ಪ್ರತಿಯೊಂದು ಗ್ರಾಮಸಭೆಯೂ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಠರಾವು ಬರೆದು ಸೊಲ್ಲಾಪುರ ಮಹಾನಗರಪಾಲಿಕೆಗೆ ಕಳುಹಿಸಬೇಕು. ಊರಿನಲ್ಲಿ ಹಾಡುವವರು ಎಷ್ಟು ಮಂದಿ, ಯಾವ ಯಾವ ಆಟಗಳ ವೇಷಭೂಷಣಗಳು ಯಾರ ಅಟ್ಟದ ಮೇಲಿವೆ ಎಂಬ ಪಟ್ಟಿಯನ್ನೂ ಅದಕ್ಕೆ ಲಗತ್ತಿಸಬೇಕು.