‘ಬಂದದ್ದನ್ನು ಕಳಿಸಿದೆ’ ಎಂಬ ನೆಪ

ತುಮಕೂರು ರಸ್ತೆಯ ಮಾದನಾಯಕನಹಳ್ಳಿಯಿಂದ ಬೆಳಗಿನ ಪಾಳಿಗೆ ಪೀಣ್ಯದತ್ತ ಹೊರಡುವ ನಮ್ಮ ಜನರ ಕೈಯಲ್ಲಿ ತಸ್ಬೀಹ್‌ಗಿಂತ ಮೊದಲು ಮೊಬೈಲ್ ತಿರುಗತೊಡಗುತ್ತದೆ. ಬಸ್ಸು ಎಂಟನೇ ಮೈಲಿ ತಲುಪುವಷ್ಟರಲ್ಲಿ ಒಂದು ಹದೀಸ್, ಸಕ್ಕರೆ ಕಾಯಿಲೆಗೊಂದು ಮದ್ದು, ಯಾವುದೋ ದೇಶದ ಹೆಣಗಳ ಚಿತ್ರ, ಇವೆಲ್ಲವೂ ಹತ್ತಾರು ಮನೆಗಳಿಗೆ ರವಾನೆಯಾಗಿರುತ್ತವೆ. ಇದು ನಿಜವೇ ಎಂದು ಕೇಳಿದರೆ ಸಿಗುವ ಉತ್ತರ ಒಂದೇ: ‘ಬಂದದ್ದನ್ನು ಕಳಿಸಿದೆ, ಉಸ್ತಾದ್.’

ಈ ಉತ್ತರವನ್ನು ಇಸ್ಲಾಮ್ ಒಪ್ಪುವುದಿಲ್ಲ ಎಂದು ನಾವು ಸ್ಪಷ್ಟವಾಗಿ ಹೇಳಬೇಕಾಗಿದೆ.

ಉಮ್ಮುಲ್ ಮೂಮಿನೀನ್ ಹಝ್ರತ್ ಆಯಿಶಾ(ರ)ರ ಮೇಲೆ ಹೊರಿಸಲಾದ ಅಪವಾದದ ಘಟನೆಯನ್ನು ಮದ್ರಸದ ಮಕ್ಕಳೂ ಬಲ್ಲರು. ಆ ಸುಳ್ಳನ್ನು ಹುಟ್ಟುಹಾಕಿದವನು ಕಪಟವಿಶ್ವಾಸಿಗಳ ನಾಯಕ ಅಬ್ದುಲ್ಲಾ ಬಿನ್ ಉಬಯ್ಯ್. ಆದರೆ ಅದನ್ನು ಬಾಯಿಂದ ಬಾಯಿಗೆ ದಾಟಿಸಿದವರಲ್ಲಿ ಮಿಸ್ತಹ್(ರ) ಇದ್ದರು. ಅವರು ಬದ್ರ್‌ನಲ್ಲಿ ಭಾಗವಹಿಸಿದವರು, ಅಬೂಬಕ್ಕರ್(ರ)ರ ಬಡ ಬಂಧು. ಸುಳ್ಳನ್ನು ಅವರು ಕಟ್ಟಲಿಲ್ಲ, ಬಂದದ್ದನ್ನು ಮುಂದಕ್ಕೆ ದಾಟಿಸಿದರು, ಅಷ್ಟೆ. ಆದರೂ ದಂಡನೆಗೊಳಗಾದವರಲ್ಲಿ ಅವರ ಹೆಸರು ಹದೀಸ್ ಗ್ರಂಥಗಳಲ್ಲಿದೆ. ಕೇಳಿದೊಡನೆ ಸತ್ಯವಿಶ್ವಾಸಿಗಳು ತಮ್ಮವರ ಬಗ್ಗೆ ಒಳ್ಳೆಯದನ್ನೇ ಏಕೆ ಭಾವಿಸಲಿಲ್ಲವೆಂದು ಕುರ್‌ಆನ್‌ನ ಅನ್ನೂರ್ ಅಧ್ಯಾಯವು ಆಕ್ಷೇಪಿಸುತ್ತದೆ. ನಾಲಗೆಗೆ ಹಗುರವೆನಿಸಿದ್ದು ಅಲ್ಲಾಹನ ಬಳಿ ಘೋರವಾಗಿತ್ತೆಂದು ಎಚ್ಚರಿಸುತ್ತದೆ. ಇಂದು ನಾಲಗೆಯ ಕೆಲಸವನ್ನು ಹೆಬ್ಬೆರಳು ಮಾಡುತ್ತಿದೆ.

ಸನದ್ ಎಂಬ ಮಹಾಶಾಸ್ತ್ರವನ್ನು ಬೆಳೆಸಿದ ಸಮುದಾಯ ನಮ್ಮದು. ಯಾರು ಯಾರಿಂದ ಕೇಳಿದರು, ಅವರ ಸ್ಮರಣಶಕ್ತಿ ಹೇಗಿತ್ತು, ಇಬ್ಬರೂ ಭೇಟಿಯಾಗಿದ್ದು ಸಾಧ್ಯವೇ ಎಂದು ಪರಿಶೀಲಿಸಿದ ಮೇಲೆಯೇ ಇಮಾಮ್ ಬುಖಾರಿಯವರು ಒಂದು ವರದಿಯನ್ನು ದಾಖಲಿಸುತ್ತಿದ್ದರು. ಕೇಳಿದ್ದನ್ನೆಲ್ಲ ಹೇಳುತ್ತ ಹೋಗುವುದೇ ಒಬ್ಬನನ್ನು ಸುಳ್ಳುಗಾರನೆನ್ನಲು ಸಾಕು ಎಂಬ ಅರ್ಥದ ಪ್ರವಾದಿವಚನವನ್ನು ಇಮಾಮ್ ಮುಸ್ಲಿಮ್ ತಮ್ಮ ಗ್ರಂಥದ ಪೀಠಿಕೆಯಲ್ಲೇ ಇರಿಸಿದ್ದಾರೆ. ಅವರ ಗ್ರಂಥಗಳನ್ನು ಕಪಾಟಿನಲ್ಲಿಟ್ಟುಕೊಂಡ ನಾವು ಮಾತ್ರ ಕೆಳಗೆ ‘ಬುಖಾರಿ’ ಎಂದು ಬರೆದ ಯಾವ ಚಿತ್ರವನ್ನೂ ಪ್ರಶ್ನಿಸುವುದಿಲ್ಲ.

ಪರಿಣಾಮವನ್ನು ಬೆಂಗಳೂರು ಕಣ್ಣಾರೆ ಕಂಡಿದೆ. 2012ರ ಜುಲೈಯಲ್ಲಿ ಅಸ್ಸಾಮಿನ ಕೊಕ್ರಝಾರ್‌ನಲ್ಲಿ ಹಿಂಸೆ ನಡೆಯಿತು. ಬಳಿಕ ರಮಝಾನ್ ಮುಗಿದೊಡನೆ ಈಶಾನ್ಯದವರ ಮೇಲೆ ಮುಸ್ಲಿಮರು ದಾಳಿ ಮಾಡುತ್ತಾರೆಂಬ ವದಂತಿ ಎಸ್ಸೆಮ್ಮೆಸ್‌ಗಳಲ್ಲಿ ಹರಿದಾಡಿತು. ಆಗಸ್ಟ್ 15ರಿಂದ ಸಾವಿರಾರು ಕಾವಲುಗಾರರು, ಹೋಟೆಲ್ ಕೆಲಸಗಾರರು, ವಿದ್ಯಾರ್ಥಿಗಳು ಗಂಟುಮೂಟೆ ಕಟ್ಟಿಕೊಂಡು ನಗರದ ರೈಲು ನಿಲ್ದಾಣದಲ್ಲಿ ನೆರೆದರು. ಗುವಾಹಟಿಗೆ ವಿಶೇಷ ರೈಲುಗಳು ಹೊರಟವು. ಆಗಸ್ಟ್ 17ರಂದು ಕೇಂದ್ರ ಸರಕಾರವು ಸಾಮೂಹಿಕ ಸಂದೇಶಗಳನ್ನು 15 ದಿನಗಳ ಕಾಲ ಐದಕ್ಕೆ ಮಿತಿಗೊಳಿಸಿತು. ಈದ್ ಬಂತು, ಹೋಯಿತು. ಯಾವ ದಾಳಿಯೂ ನಡೆಯಲಿಲ್ಲ.

ಅದು ನಮ್ಮ ವಿರುದ್ಧ ಹಬ್ಬಿಸಿದ ಸುಳ್ಳು ಎಂದು ನಾವು ಇಂದಿಗೂ ನೋವಿನಿಂದ ಹೇಳುತ್ತೇವೆ. ಸರಿಯೇ. ಆದರೆ ಅದೇ ದಿನಗಳಲ್ಲಿ ನಮ್ಮ ನಡುವೆ ಓಡಾಡಿದ್ದೇನು? 2010ರ ಭೂಕಂಪದಲ್ಲಿ ಮಡಿದವರ ಶವಗಳ ನಡುವೆ ನಿಂತ ಟಿಬೆಟಿನ ಭಿಕ್ಷುಗಳ ಚಿತ್ರ, ಬರ್ಮಾದಲ್ಲಿ ಮುಸ್ಲಿಮರನ್ನು ಕೊಂದ ಭಿಕ್ಷುಗಳೆಂಬ ತಲೆಬರಹದೊಂದಿಗೆ. ಬರ್ಮಾದ ರೋಹಿಂಗ್ಯಾಗಳ ಸಂಕಟ ನಿಜವಾಗಿತ್ತು, ಚಿತ್ರ ಸುಳ್ಳಾಗಿತ್ತು. ನಿಜವಾದ ಸಂಕಟಕ್ಕೆ ಸುಳ್ಳು ಸಾಕ್ಷಿ ತಂದವನು ಪೀಡಿತನಿಗೆ ದ್ರೋಹವೆಸಗುತ್ತಾನೆ. ಯಾಕೆಂದರೆ ಮರುದಿನ ನಿಜವಾದ ಚಿತ್ರವನ್ನೂ ಯಾರೂ ನಂಬುವುದಿಲ್ಲ.

ಇನ್ನೊಂದು ಘಟನೆ. 2018ರ ಜುಲೈ 13, ಶುಕ್ರವಾರ. ಬೀದರ್ ಜಿಲ್ಲೆಯ ಔರಾದ್ ತಾಲೂಕಿನಲ್ಲಿ ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಬದಿಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಕೂಗೆದ್ದಿತು. ಅವರ ಕಾರಿಗಿಂತ ವೇಗವಾಗಿ ವಾಟ್ಸ್‌ಆಪ್ ಸಂದೇಶ ಮುರ್ಕಿ ಗ್ರಾಮವನ್ನು ತಲುಪಿತು. ಅಲ್ಲಿ ಗುಂಪು ಕಾದಿತ್ತು. ಒಬ್ಬ ಮುಸ್ಲಿಮ್ ಯುವಕ, ಸಾಫ್ಟ್‌ವೇರ್ ಇಂಜಿನಿಯರ್, ಹೊಡೆತಕ್ಕೆ ಬಲಿಯಾದನು. ಬಂಧಿತರಲ್ಲಿ ವಾಟ್ಸ್‌ಆಪ್ ಗುಂಪಿನ ಅಡ್ಮಿನ್ ಕೂಡ ಇದ್ದನು. ವಾರದೊಳಗೆ ವಾಟ್ಸ್‌ಆಪ್ ಕಂಪೆನಿಯು ಭಾರತದಲ್ಲಿ ಫಾರ್ವರ್ಡ್‌ನ ಮಿತಿಯನ್ನು ಐದಕ್ಕೆ ಇಳಿಸುವುದಾಗಿ ಪ್ರಕಟಿಸಿತು. ಮುರ್ಕಿಯಲ್ಲಿ ಗುಂಡಿ ಒತ್ತಿದವರೂ ಮಕ್ಕಳ ಮೇಲಿನ ಕಾಳಜಿಯಿಂದಲೇ ಒತ್ತಿದ್ದೆಂದು ಹೇಳಬಹುದು. ನಮ್ಮವನ ಜೀವ ಹೋದಾಗ ಆ ಮಾತನ್ನು ನಾವು ಕ್ಷಮಿಸುವೆವೇ?

ಧರ್ಮದ ಹೆಸರಿನಲ್ಲಿ ನಡೆಯುವ ಪ್ರಚಾರದ ಬಗ್ಗೆಯೂ ಹೇಳದೆ ಇರಲಾಗದು. ‘ಹತ್ತು ಮಂದಿಗೆ ಕಳಿಸಿ, ಸಂಜೆಯೊಳಗೆ ಶುಭವಾರ್ತೆ’ ಎನ್ನುವ ಸಂದೇಶವು ದೀನ್ ಅಲ್ಲ, ಮಾರುಕಟ್ಟೆಯ ತಂತ್ರ. ನಮ್ಮ ಕೆಲವು ಭಾಷಣಕಾರರು ಸಹ (ಹೇಳಲು ಸಂಕೋಚವಾಗುತ್ತದೆ) ಕಬರ್‌ನ ಶಿಕ್ಷೆಗೆ ಕೆಂಪು ಅಕ್ಷರದ ಶೀರ್ಷಿಕೆ ಹಚ್ಚಿ ವೀಕ್ಷಣೆಯ ಸಂಖ್ಯೆ ಎಣಿಸುತ್ತಾರೆ. ಶಿವಾಜಿನಗರದ ಐಎಂಎಯನ್ನು ನೆನೆಯಿರಿ. ಬಡ್ಡಿಯಿಲ್ಲದ ಹಲಾಲ್ ಲಾಭವೆಂಬ ಮಾತಿಗೆ ಕೆಲವು ಧಾರ್ಮಿಕ ವ್ಯಕ್ತಿಗಳೂ ದನಿಗೂಡಿಸಿದ್ದರು. 2019ರ ಜೂನ್‌ನಲ್ಲಿ ಸಂಸ್ಥಾಪಕನು ದೇಶ ಬಿಟ್ಟನು. ಅವನ ಧ್ವನಿಮುದ್ರಣ ವಾಟ್ಸ್‌ಆಪ್‌ನಲ್ಲಿ ಹರಡಿತು. ಹಣ ಕಳೆದುಕೊಂಡವರ ದೂರುಗಳು ಹತ್ತಾರು ಸಾವಿರ ದಾಟಿದವು. ಅವರಲ್ಲಿ ಎಷ್ಟೋ ಮಂದಿಗೆ ಮೊದಲು ಶಿಫಾರಸು ಮಾಡಿದವರು ಸ್ವಂತ ಬಂಧುಗಳೇ.

ನಮ್ಮ ಮದ್ರಸದ ಪೋಷಕರ ಗುಂಪಿನಲ್ಲಿ ಈ ರಮಝಾನ್‌ಗೆ ಮುಂಚೆ ಒಂದು ನಿಯಮ ಮಾಡಿಕೊಂಡೆವು. ಕಳಿಸಿದವರು ಮೂಲವನ್ನು ಹೇಳಬೇಕು. ಹೇಳಲಾಗದಿದ್ದರೆ ಅಳಿಸಬೇಕು. ಸುಳ್ಳೆಂದು ತಿಳಿದರೆ, ಎಲ್ಲೆಲ್ಲಿಗೆ ಕಳಿಸಿದ್ದರೋ ಅಲ್ಲೆಲ್ಲ ‘ನಾನು ಕಳಿಸಿದ್ದು ಸುಳ್ಳಾಗಿತ್ತು’ ಎಂದು ಬರೆಯಬೇಕು. ಮೊದಲ ವಾರವೇ ಮೂವರು ಗುಂಪನ್ನು ತೊರೆದರು. ಅವರಲ್ಲಿಬ್ಬರು ಮಸೀದಿಯ ಮೊದಲ ಸಾಲಿನಲ್ಲಿ ನಿಲ್ಲುವವರು. ಒಬ್ಬ ತಾಯಿ ಮಾತ್ರ ಆ ವಾಕ್ಯವನ್ನು ನಾಲ್ಕು ಗುಂಪುಗಳಲ್ಲಿ ಬರೆದು, ಅದರ ಚಿತ್ರ ತೆಗೆದು ನಮಗೂ ಕಳಿಸಿದರು.