ನೀರಿನಿಂದ ಬಲವೆ?

ಅಮೆರಿಕದ ಭಾರ ಎಳೆಯುವ ಪಂದ್ಯಗಳ ಕೆಲವು ಡೀಸೆಲ್ ಟ್ರಕ್ಕುಗಳಲ್ಲಿ, ಗಾಳಿ ಟರ್ಬೋಚಾರ್ಜರನ್ನು ಸೇರುವ ಮುನ್ನವೇ ಅದಕ್ಕೆ ನೀರಿನ ತುಂತುರು ಬೆರೆಸುವುದುಂಟು. ಇದರಿಂದ ನೀರೇ ಉರಿದು ಬಲ ಕೊಡುವುದೆಂದು ನಂಬುವುದು ಶುದ್ಧ ಭ್ರಮೆ. ಒತ್ತಿದ ಗಾಳಿ ಕಾಯುತ್ತದೆ. ಕಾದ ಗಾಳಿಯನ್ನು ಮತ್ತಷ್ಟು ಒತ್ತಲು ಶ್ರಮ ಹೆಚ್ಚು. 100 ಡಿಗ್ರಿಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 540 ಕ್ಯಾಲೊರಿ ಶಾಖವನ್ನು ಹೀರುತ್ತದೆ. ಒತ್ತುವಾಗಲೇ ಈ ತಂಪು ದೊರೆತರೆ ಶ್ರಮ ತಗ್ಗುತ್ತದೆ, ಗಾಳಿ ದಟ್ಟವಾಗುತ್ತದೆ. ಬಲ ಬರುವುದು ಆ ಗಾಳಿಯಲ್ಲಿ ಹೆಚ್ಚು ಡೀಸೆಲ್ ಉರಿದಾಗಲೇ. ಆದರೆ ತುಂತುರು ಮಂಜಿನಂತಿರಬೇಕು. ಹನಿ ದಪ್ಪವಾದರೆ, ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ಚಕ್ರದ ಅಲಗುಗಳನ್ನೇ ಅದು ಸವೆಸುತ್ತದೆ. ಆದುದರಿಂದ ನನ್ನ ಮತವಿಷ್ಟೆ: ಪಂದ್ಯದ ಅಲ್ಪಕಾಲಕ್ಕೆ ಈ ಉಪಾಯ ಸಲ್ಲಬಹುದು, ದಿನವಿಡೀ ಹೊರೆ ಹೊರುವ ಲಾರಿಗೆ ಇಂಟರ್‌ಕೂಲರೇ ಲೇಸು.